ಗುಳೆ ಬಂದ ಕುಟುಂಬಕ್ಕೆ ನೆರವು ಕೊಡಿಸುವುದು ಹೇಗೆ?

ಸುಗ್ಗಿ ಮುಗಿದ ಮೇಲೆ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಬರುವ ಬಸ್ಸುಗಳಲ್ಲಿ ಹಾಸಿಗೆಯ ಗಂಟು, ಜೋಳದ ಚೀಲ, ರೊಟ್ಟಿಯ ಹಂಚು ಸಹಿತ ಇಡೀ ಕುಟುಂಬಗಳೇ ಬಂದಿಳಿಯುತ್ತವೆ. ಹಾಗೆ ಗುಳೆ ಬಂದವರು ನಿಮ್ಮ ಬೀದಿಯ ಕೊನೆಯಲ್ಲಿ ಏಳುತ್ತಿರುವ ಕಟ್ಟಡದ ಪಕ್ಕ ತಗಡಿನ ಶೆಡ್ಡು ಹಾಕಿಕೊಂಡಿದ್ದರೆ, ಏನಾದರೂ ಸಹಾಯ ಮಾಡಬೇಕೆಂದು ನಿಮಗೆ ಅನ್ನಿಸುವುದು ಸಹಜ. ಹಳೆಯ ಬಟ್ಟೆ, ಕಂಬಳಿ ಕೊಡುವವರು ಹೇಗೂ ಬರುತ್ತಾರೆ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಕಾನೂನಿನ ಪ್ರಕಾರ ಆ ಕುಟುಂಬಕ್ಕೆ ಸಲ್ಲಬೇಕಾದದ್ದು ಅದಕ್ಕಿಂತ ಬಹಳ ದೊಡ್ಡದು. ಅದನ್ನು ಪಡೆಯಲು ಅವರೊಡನೆ ಅರ್ಧ ದಿನ ಸರದಿಯಲ್ಲಿ ನಿಲ್ಲುವ ಒಬ್ಬರು ಬೇಕು, ಅಷ್ಟೇ.

ಮೊದಲು ಕಾಗದ ಪತ್ರ

ಕೆಲಸಕ್ಕೆ ರಜೆಯಿರುವ ದಿನ, ಗಂಡ ಹೆಂಡತಿ ಇಬ್ಬರೂ ಇರುವಾಗ ಹೋಗಿ. ಯಾರ ಬಳಿ ಯಾವ ಕಾಗದವಿದೆ, ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಈಗಲೂ ಚಾಲ್ತಿಯಲ್ಲಿದೆಯೇ ಎಂದು ಕೇಳಿ ಬರೆದುಕೊಳ್ಳಿ. ಮೂಲ ಪತ್ರಗಳನ್ನು ಮಾತ್ರ ನಿಮ್ಮ ಬಳಿ ಇಟ್ಟುಕೊಳ್ಳಬೇಡಿ. ಮೇಸ್ತ್ರಿಯೊಬ್ಬ ‘ಜೋಪಾನವಾಗಿರಲಿ’ ಎಂದು ಆಧಾರ್ ಇಸಿದುಕೊಂಡು ವಾಪಸು ಕೊಡದ ಅನುಭವ ಇವರಲ್ಲಿ ಅನೇಕರಿಗೆ ಆಗಿರುತ್ತದೆ. ನಿಮ್ಮನ್ನೂ ಅದೇ ಕಣ್ಣಿನಿಂದ ನೋಡಿದರೆ ಬೇಸರಪಡಬಾರದು.

ರೇಷನ್: ಕಾರ್ಡು ಊರಿನಲ್ಲಿದ್ದರೂ ಸಾಕು

‘ಕಾರ್ಡು ಊರಾಗ ಐತ್ರಿ’ ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಬೇಡಿ. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಕಾರ್ಡನ್ನೇ ಹಿಡಿದು ತರಬೇಕಾಗಿಲ್ಲ. ಪಡಿತರ ಚೀಟಿಯ ಸಂಖ್ಯೆ ಅಥವಾ ಆಧಾರ್ ಸಂಖ್ಯೆ ಹೇಳಿ, ಚೀಟಿಯಲ್ಲಿ ಹೆಸರಿರುವ ಯಾರಾದರೊಬ್ಬರು ಹೆಬ್ಬೆಟ್ಟು ಒತ್ತಿದರೆ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಪಡಿತರ ಪಡೆಯಬಹುದು. 2019ರಲ್ಲಿ ಕೆಲವೇ ರಾಜ್ಯಗಳ ನಡುವೆ ಆರಂಭವಾದ ಈ ವ್ಯವಸ್ಥೆ 2022ರ ಹೊತ್ತಿಗೆ ದೇಶದ ಎಲ್ಲ ರಾಜ್ಯಗಳನ್ನೂ ಒಳಗೊಂಡಿತು. ಹೊರಡುವ ಮೊದಲು ಊರಿಗೆ ಒಂದು ಫೋನ್ ಮಾಡಿಸಿ. ಅಲ್ಲಿ ಉಳಿದಿರುವ ಅಜ್ಜಿ ಆ ತಿಂಗಳ ಅಕ್ಕಿಯನ್ನು ಪೂರ್ತಿ ಎತ್ತಿದ್ದರೆ ಇಲ್ಲಿ ಏನೂ ಉಳಿದಿರುವುದಿಲ್ಲ. ಊರಲ್ಲಿರುವವರು ಸ್ವಲ್ಪ, ಇಲ್ಲಿರುವವರು ಸ್ವಲ್ಪ ಎಂದು ಹಂಚಿ ಎತ್ತಲು ಅವಕಾಶವಿದೆಯಾದರೂ ಆ ಮಾತು ಮನೆಯೊಳಗೇ ಮೊದಲು ಇತ್ಯರ್ಥವಾಗಬೇಕು.

ತೊಡಕು ಬರುವುದು ಯಂತ್ರದ ಮುಂದೆ. ವರ್ಷಗಟ್ಟಲೆ ಸಿಮೆಂಟು ಕಲಸಿದ ಕೈಯಲ್ಲಿ ಬೆರಳಿನ ಗೆರೆಗಳೇ ಸವೆದಿರುತ್ತವೆ. ಹೆಬ್ಬೆರಳನ್ನು ಸೀರೆಯ ಸೆರಗಿಗೆ ಉಜ್ಜಿ, ಮತ್ತೆ ಒತ್ತಿ, ಮತ್ತೆ ಕೆಂಪು ದೀಪ ಬಂದಾಗ ಹಿಂದೆ ನಿಂತವರ ಗೊಣಗಾಟಕ್ಕೆ ಅಂಜಿ ಆಕೆ ಸರದಿ ಬಿಟ್ಟು ಬಂದುಬಿಡುತ್ತಾಳೆ. ನೀವು ಜೊತೆಗಿರಬೇಕಾದ ಹೊತ್ತು ಇದೇ. ಕೈಯನ್ನು ಸೋಪಿನಿಂದ ತೊಳೆಸಿ ಚೆನ್ನಾಗಿ ಒರೆಸಿ, ಬೇರೆ ಬೆರಳುಗಳನ್ನು ಪ್ರಯತ್ನಿಸಿ, ಮನೆಯ ಇನ್ನೊಬ್ಬ ಸದಸ್ಯರಿಂದ ಒತ್ತಿಸಿ ನೋಡಿ. ಕಣ್ಣಿನ ಪಾಪೆಯ ಗುರುತು ಅಥವಾ ಒಟಿಪಿ ಮೂಲಕ ಕೊಡಲು ಸಾಧ್ಯವೇ ಎಂದು ಅಂಗಡಿಯವರನ್ನು ಕೇಳಿ. ಮೊಬೈಲ್ ಸಂಖ್ಯೆಯನ್ನು ಮೊದಲೇ ವಿಚಾರಿಸಲು ಹೇಳಿದ್ದು ಇದಕ್ಕಾಗಿಯೇ. ‘ಹೊರಗಿನವರಿಗೆ ಸ್ಟಾಕ್ ಇಲ್ಲ’ ಎಂದು ಕಳಿಸಿದರೆ ಆಹಾರ ಇಲಾಖೆಯ 1967 ಸಂಖ್ಯೆಗೆ ಅಲ್ಲೇ ನಿಂತು ಕರೆ ಮಾಡಬಹುದು. ಗೋವಾ, ಮಹಾರಾಷ್ಟ್ರಕ್ಕೆ ದುಡಿಯಲು ಹೋದ ನಮ್ಮವರಿಗೂ ಇದೇ ದಾರಿ. ಆದರೆ ಅಲ್ಲಿ ಸಿಗುವುದು ಕೇಂದ್ರದ ಆಹಾರ ಭದ್ರತಾ ಕಾಯ್ದೆಯ ಪಾಲು ಮಾತ್ರ, ಅನ್ನಭಾಗ್ಯದಲ್ಲಿ ಕರ್ನಾಟಕ ಸರ್ಕಾರ ಸೇರಿಸಿ ಕೊಡುವ ಹೆಚ್ಚುವರಿ ಪಾಲು ಗಡಿ ದಾಟುವುದಿಲ್ಲ.

ಮಕ್ಕಳು ಮತ್ತು ಬಸುರಿಯರು

ಆರರಿಂದ ಹದಿನಾಲ್ಕು ವರ್ಷದೊಳಗಿನ ಮಗುವಿದ್ದರೆ ಹತ್ತಿರದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಾಣಿ. ವರ್ಗಾವಣೆ ಪತ್ರ ತಡವಾಯಿತೆಂದಾಗಲೀ, ವಯಸ್ಸಿನ ದಾಖಲೆ ಇಲ್ಲವೆಂದಾಗಲೀ ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಶಾಲೆ ಬಿಟ್ಟು ವರ್ಷವಾಗಿದ್ದರೂ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ದೊಡ್ಡ ಹುಡುಗಿಯನ್ನು ಶೆಡ್ಡಿನಲ್ಲಿ ಉಳಿಸಿರುವುದು ಕೂಸನ್ನು ನೋಡಿಕೊಳ್ಳಲಿಕ್ಕೆ ಎಂಬುದು ಬಹುತೇಕ ಕಡೆ ಕಾಣುವ ಸಂಗತಿ, ಆದ್ದರಿಂದ ಕೂಸಿಗೆ ಅಂಗನವಾಡಿಯಲ್ಲಿ ಜಾಗ ಮಾಡಿಸದೆ ಅಕ್ಕನಿಗೆ ಶಾಲೆ ದಕ್ಕುವುದಿಲ್ಲ. ಬಸುರಿ, ಬಾಣಂತಿಯರ ಹೆಸರನ್ನೂ ಅದೇ ಅಂಗನವಾಡಿಯಲ್ಲಿ ಬರೆಸಿ. ಊರಿನಲ್ಲಿ ಮಾಡಿಸಿದ ತಾಯಿ ಕಾರ್ಡ್ (ತಾಯಿ, ಮಗುವಿನ ಆರೋಗ್ಯ ದಾಖಲೆ) ಇದ್ದರೆ ಒಯ್ಯಲು ಹೇಳಿ, ಇಲ್ಲದಿದ್ದರೆ ಆಶಾ ಕಾರ್ಯಕರ್ತೆಯ ಮೂಲಕ ಇಲ್ಲೇ ಮಾಡಿಸಬಹುದು.

ಕೂಲಿ ಮತ್ತು ಕಾರ್ಮಿಕ ಕಾರ್ಡು

ಗಾರೆ, ಸೆಂಟ್ರಿಂಗ್, ಮಣ್ಣು ಹೊರುವ ಕೆಲಸ ಯಾವುದೇ ಇರಲಿ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರುವ 18ರಿಂದ 60 ವರ್ಷದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಕಟ್ಟಡದ ವೆಚ್ಚದ ಮೇಲೆ ವಸೂಲು ಮಾಡುವ ಶೇ 1ರ ಸೆಸ್ಸಿನಿಂದ ಈ ಮಂಡಳಿಯ ನಿಧಿ ತುಂಬುತ್ತದೆ, ಅಂದರೆ ಇದು ಯಾರ ದಾನವೂ ಅಲ್ಲ. ಕೆಲಸದ ದೃಢೀಕರಣಕ್ಕೆ ಮೇಸ್ತ್ರಿ ಸಹಿ ಹಾಕಲು ಹಿಂಜರಿದರೆ ಕಾರ್ಮಿಕ ಸಂಘ ಅಥವಾ ಕಾರ್ಮಿಕ ನಿರೀಕ್ಷಕರನ್ನು ಕೇಳಬಹುದು. ಮಂಡಳಿಯ ವ್ಯಾಪ್ತಿಗೆ ಬಾರದ ಅಸಂಘಟಿತ ಕೆಲಸಗಾರರಿಗೂ 2021ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಇ-ಶ್ರಮ್ ನೋಂದಣಿ ಇದೆ.

ಬಟವಾಡೆಯ ದಿನ ಕೂಲಿ ಹಿಡಿದುಕೊಂಡರೆ ಲೆಕ್ಕವೇ ಸಾಕ್ಷಿ. ಮೇಸ್ತ್ರಿಯ ಹಾಜರಿ ಪುಸ್ತಕದ ಪುಟವನ್ನು ವಾರವಾರ ಮೊಬೈಲಿನಲ್ಲಿ ಫೋಟೊ ಹಿಡಿದಿಟ್ಟುಕೊಳ್ಳುವುದನ್ನು ಮೊದಲ ವಾರದಿಂದಲೇ ರೂಢಿ ಮಾಡಿಸಿ. ದೂರಿಗೆ ಕಾರ್ಮಿಕ ಸಹಾಯವಾಣಿ 155214, ಉಚಿತ ಕಾನೂನು ನೆರವಿಗೆ 15100. ಮಹಿಳೆಯರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಈ ನೆರವು ಪಡೆಯಲು ಆದಾಯದ ಮಿತಿಯೂ ಇಲ್ಲ.

ಇಟ್ಟಿಗೆ ಭಟ್ಟಿಯಂಥ ಕಡೆ ಮುಂಗಡ ತೀರುವ ತನಕ ಹೊರಗೆ ಬಿಡುವುದಿಲ್ಲ ಎಂಬ ಮಾತು ಕಿವಿಗೆ ಬಿದ್ದರೆ ಅದು ಬೇರೆಯೇ ವಿಷಯ. 1976ರ ಕಾಯ್ದೆಯ ಪ್ರಕಾರ ಅದು ಜೀತ. ಮಾಲೀಕನ ಜೊತೆ ನೀವೇ ಜಗಳಕ್ಕೆ ಹೋದರೆ ಮರುದಿನ ಆ ಕುಟುಂಬ ಅಲ್ಲಿರುವುದಿಲ್ಲ, ಎಲ್ಲಿಗೆ ಹೋಯಿತೆಂದೂ ತಿಳಿಯುವುದಿಲ್ಲ. ನೇರವಾಗಿ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗೆ ಲಿಖಿತ ದೂರು ಕೊಡಿ; ಮುಂದಿನ ಪುನರ್ವಸತಿ ನಿಂತಿರುವುದು ಅವರು ಕೊಡುವ ಬಿಡುಗಡೆ ಪತ್ರದ ಮೇಲೆ.

ಮುಂಗಾರು ಶುರುವಾಗುವ ಹೊತ್ತಿಗೆ ಕುಟುಂಬ ಊರಿಗೆ ಹೊರಟು ನಿಲ್ಲುತ್ತದೆ, ಅನೇಕ ಸಲ ಒಂದೇ ದಿನದ ಮುನ್ಸೂಚನೆಯಲ್ಲಿ. ಹಾಗಾಗಿ ಉಗಾದಿ ಕಳೆದ ಕೂಡಲೇ ಮಗುವಿನ ಎಸ್‌ಎಟಿಎಸ್ ಸಂಖ್ಯೆಯನ್ನು (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ವಿದ್ಯಾರ್ಥಿಗೆ ಇರುವ ಗುರುತಿನ ಸಂಖ್ಯೆ) ಶಾಲೆಯಿಂದ ಕೇಳಿ ಬರೆದುಕೊಳ್ಳಿ, ಇಲ್ಲಿ ಹಾಕಿಸಿದ ಚುಚ್ಚುಮದ್ದುಗಳ ದಿನಾಂಕ ತಾಯಿ ಕಾರ್ಡಿನಲ್ಲಿ ದಾಖಲಾಗಿದೆಯೇ ನೋಡಿ, ಎರಡನ್ನೂ ಆಧಾರ್ ಇಡುವ ಅದೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಸಿ.