ಸಿ. ಆರ್. ರಾವ್ ಅವರ ಉಲ್ಲೇಖಗಳ ಲೆಕ್ಕ: ನಾನು ಮಾಡಿದ ಕ್ರಮ

ಒಬ್ಬ ಸಂಶೋಧಕರ ಪ್ರಭಾವ ಎಷ್ಟು ಎಂದು ಕೇಳಿದರೆ ಗೂಗಲ್ ಸ್ಕಾಲರ್‌ ತೆರೆದು ಎಚ್-ಇಂಡೆಕ್ಸ್ (ಲೇಖನಗಳಿಗೆ ಬಂದ ಉಲ್ಲೇಖಗಳಿಂದ ತೆಗೆಯುವ ಒಂದು ಅಳತೆ) ಬರೆದುಕೊಂಡು ಮುಗಿಸುವವರೇ ಹೆಚ್ಚು. ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅಂಥವರ ವಿಷಯದಲ್ಲಿ ಆ ದಾರಿ ನಡೆಯುವುದಿಲ್ಲ. ಅವರ ಪ್ರಸಿದ್ಧ ಲೇಖನ ಬಂದದ್ದು 1945ರಲ್ಲಿ, ಕಲ್ಕತ್ತಾ ಮ್ಯಾಥಮ್ಯಾಟಿಕಲ್ ಸೊಸೈಟಿಯ ಬುಲೆಟಿನ್‌ನ 37ನೇ ಸಂಪುಟದಲ್ಲಿ. ಯಾವ ಲೇಖನವನ್ನು ಯಾರು ಉಲ್ಲೇಖಿಸಿದ್ದಾರೆ ಎಂದು ಪಟ್ಟಿ ಮಾಡುವ ಗಾರ್ಫೀಲ್ಡ್ ಅವರ ಸೈನ್ಸ್ ಸೈಟೇಷನ್ ಇಂಡೆಕ್ಸ್ ಹೊರಬಂದದ್ದು 1964ರಲ್ಲಿ.

ಅದಕ್ಕೇ ನಾನು ಲೇಖಕರ ಪ್ರೊಫೈಲ್‌ ಬಿಟ್ಟು, ಆ ಇಂಡೆಕ್ಸ್ ಈಗ ಸೇರಿರುವ ಡೇಟಾಬೇಸ್ ವೆಬ್ ಆಫ್ ಸೈನ್ಸ್‌ನ ‘ಸೈಟೆಡ್ ರೆಫರೆನ್ಸ್ ಸರ್ಚ್’ನಿಂದ ಶುರು ಮಾಡುತ್ತೇನೆ. ಮೂಲ ಲೇಖನ ಅಲ್ಲಿ ದಾಖಲಾಗಿರದಿದ್ದರೂ ಅದನ್ನು ಉಲ್ಲೇಖಿಸಿದವರ ಪಟ್ಟಿ ಸಿಗುತ್ತದೆ. ಹೆಸರಿನ ಜಾಗದಲ್ಲಿ ‘ರಾವ್ ಸಿ’ ಎಂದು ಕೊಟ್ಟು ಮುಂದೆ ನಕ್ಷತ್ರ ಚಿಹ್ನೆ ಹಾಕಬೇಕು, ಆಮೇಲೆ ಯಾವ ಅಕ್ಷರಗಳಿದ್ದರೂ ಅದು ಹಿಡಿಯುತ್ತದೆ. ‘ರಾವ್ ಆರ್’ ಎಂದೂ ಬೇರೆಯಾಗಿ ಹುಡುಕಬೇಕು, ಏಕೆಂದರೆ ರಾಧಾಕೃಷ್ಣ ರಾವ್ ಎಂದು ಬರೆಯುವವರೂ ಇದ್ದಾರೆ. ವರ್ಷವನ್ನು 1945ಕ್ಕೆ ಕಟ್ಟಿಹಾಕದೆ 1944–1947 ಎಂದು ಕೊಡಿ. ಉಲ್ಲೇಖಿಸುವವರು ವರ್ಷ, ಸಂಪುಟ, ಪುಟ ಯಾವುದನ್ನು ಬೇಕಾದರೂ ತಪ್ಪಾಗಿ ಬರೆದಿರಬಹುದು, ಪ್ರತಿ ತಪ್ಪೂ ಬೇರೆ ಸಾಲಾಗಿ ನಿಲ್ಲುತ್ತದೆ. ನಕ್ಷತ್ರ ಹಾಕಿದ್ದರಿಂದ ರಸಾಯನಶಾಸ್ತ್ರದ ಸಿ. ಎನ್. ಆರ್. ರಾವ್ ಕೂಡ ಬಲೆಗೆ ಬೀಳುತ್ತಾರೆ. ಪತ್ರಿಕೆಯ ಹೆಸರು ನೋಡಿ ಕೈಯಿಂದಲೇ ತೆಗೆಯಬೇಕು. ಇನ್ನೊಂದು ತೊಡಕು: ಡೇಟಾಬೇಸ್‌ನಲ್ಲಿ ದಾಖಲಾಗಿಲ್ಲದ ಕೃತಿಗಳು ಮೊದಲ ಲೇಖಕರ ಹೆಸರಲ್ಲಿ ಮಾತ್ರ ಸಿಗುತ್ತವೆ. ಮಹಲನೊಬಿಸ್, ಮಜುಂದಾರ್, ರಾವ್ ಮೂವರೂ ಸೇರಿ 1949ರಲ್ಲಿ ‘ಸಂಖ್ಯಾ’ ಪತ್ರಿಕೆಯಲ್ಲಿ ಪ್ರಕಟಿಸಿದ ಮಾನವಮಾಪನ ಸಮೀಕ್ಷೆಯನ್ನು ಮಹಲನೊಬಿಸ್ ಹೆಸರಲ್ಲೂ ಹುಡುಕಿ.

1945ರ ಲೇಖನವನ್ನು ಸ್ಪ್ರಿಂಗರ್ 1992ರ ಸಂಕಲನವೊಂದರಲ್ಲಿ ಮರುಮುದ್ರಿಸಿತು. ಹಾಗಾಗಿ ಉಲ್ಲೇಖಗಳು ಎರಡು ಪಾಲಾಗಿವೆ. ಎರಡು ಸಂಖ್ಯೆಗಳನ್ನು ಕೂಡಿಸಿಬಿಟ್ಟರೆ ಎರಡನ್ನೂ ಉಲ್ಲೇಖಿಸಿದ ಲೇಖನ ಎರಡು ಸಲ ಎಣಿಕೆಯಾಗುತ್ತದೆ. ಉಲ್ಲೇಖಿಸಿದ ಲೇಖನಗಳ ಪಟ್ಟಿಗಳನ್ನೇ ಎಕ್ಸೆಲ್‌ನಲ್ಲಿ ಒಂದರ ಕೆಳಗೆ ಒಂದು ಇಟ್ಟು, ಡಿಒಐ (ಪ್ರತಿ ಲೇಖನಕ್ಕೂ ಕೊಡುವ ಗುರುತಿನ ಸಂಖ್ಯೆ) ನೋಡಿ ನಕಲು ತೆಗೆಯಿರಿ. ಆದರೆ ಡಿಒಐ ಇಲ್ಲದ ಸಾಲುಗಳನ್ನು ಮೊದಲೇ ಬೇರೆ ಹಾಳೆಗೆ ಸರಿಸಿ. ‘ರಿಮೂವ್ ಡೂಪ್ಲಿಕೇಟ್ಸ್’ ಖಾಲಿ ಕೋಶಗಳನ್ನೆಲ್ಲ ಒಂದೇ ಎಂದು ತಿಳಿದು, ಮೊದಲನೆಯದನ್ನು ಉಳಿಸಿ ಮಿಕ್ಕಿದ್ದನ್ನೆಲ್ಲ ಅಳಿಸುತ್ತದೆ, ಹಳೆಯ ಲೇಖನಗಳೇ ಹೋಗುತ್ತವೆ. ಆ ಸಾಲುಗಳನ್ನು ಶೀರ್ಷಿಕೆ, ವರ್ಷ ಎರಡನ್ನೂ ಸೇರಿಸಿ ಹೋಲಿಸಬೇಕು.

ಇಷ್ಟಾದರೂ ಸಿಗದ ಪಾಲೊಂದಿದೆ. 1945ರ ಲೇಖನದಲ್ಲಿರುವ, ಅಂದಾಜೊಂದರ ದೋಷ ಎಷ್ಟರ ಕೆಳಗೆ ಇಳಿಯಲಾರದು ಎಂದು ಹೇಳುವ ಫಲಿತಾಂಶವನ್ನು ‘ಕ್ರಾಮೆರ್–ರಾವ್ ಮಿತಿ’ ಎಂದು ಬರೆಯುವ ಎಂಜಿನಿಯರ್‌ಗಳಲ್ಲಿ ಅನೇಕರು ಮೂಲ ಲೇಖನವನ್ನು ಉಲ್ಲೇಖಿಸುವುದಿಲ್ಲ. ಪಠ್ಯಪುಸ್ತಕವೊಂದನ್ನು ತೋರಿಸುತ್ತಾರೆ, ಅಥವಾ ಅದೂ ಇಲ್ಲ. ಇದನ್ನು ಹಿಡಿಯಲು ಶೀರ್ಷಿಕೆ, ಸಾರಾಂಶಗಳಲ್ಲಿ ಆ ಪದವನ್ನೇ ಹುಡುಕಿ, ಸಿಆರ್‌ಎಲ್‌ಬಿ (ಕ್ರಾಮೆರ್–ರಾವ್ ಲೋವರ್ ಬೌಂಡ್) ಎಂಬ ಸಂಕ್ಷಿಪ್ತ ರೂಪವನ್ನೂ ಸೇರಿಸಿ, ಬಂದ ಸಂಖ್ಯೆಯನ್ನು ಬೇರೆ ಕಾಲಂನಲ್ಲಿ ಇಡುತ್ತೇನೆ. ಉಲ್ಲೇಖಗಳ ಮೊತ್ತಕ್ಕೆ ಮಾತ್ರ ಸೇರಿಸಬಾರದು.

ಇನ್ನು ಎಚ್-ಇಂಡೆಕ್ಸ್. ತಲಾ ಕನಿಷ್ಠ ಎಚ್ ಉಲ್ಲೇಖ ಪಡೆದ ಲೇಖನಗಳು ಎಚ್ ಇದ್ದರೆ, ಅಂಥ ಅತಿ ದೊಡ್ಡ ಸಂಖ್ಯೆಯೇ ಎಚ್. ಹಿರ್ಷ್ 2005ರಲ್ಲಿ ಕೊಟ್ಟ ಈ ಅಳತೆಗೆ ಒಂದು ಲೇಖನ ಎಷ್ಟೇ ಎತ್ತರಕ್ಕೆ ಹೋದರೂ ಲೆಕ್ಕವಿಲ್ಲ. ಐದು ಲೇಖನಗಳಿಗೆ 900, 40, 6, 3, 1 ಉಲ್ಲೇಖಗಳಿದ್ದರೆ ಎಚ್ ಬರೀ 3. ಎಗ್ಗೆ ಅವರ ಜಿ-ಇಂಡೆಕ್ಸ್‌ನಲ್ಲಿ ಹೆಚ್ಚು ಉಲ್ಲೇಖ ಪಡೆದ ಜಿ ಲೇಖನಗಳ ಉಲ್ಲೇಖಗಳ ಮೊತ್ತ ಜಿಯ ವರ್ಗಕ್ಕಿಂತ ಕಡಿಮೆಯಾಗಬಾರದು. ಇಲ್ಲಿ ಮೊತ್ತ 950, ಐದರ ವರ್ಗ 25, ಹಾಗಾಗಿ ಜಿ 5. ರಾವ್ ಅವರಂಥವರಿಗೆ ಎರಡನ್ನೂ ಕೊಡದೆ ವರದಿ ಮುಗಿಸುವುದು ಅನ್ಯಾಯ.

ಸಹಲೇಖಕತ್ವಕ್ಕೆ ಸುಬ್ರಮಣ್ಯಂ ಅವರ 1983ರ ಸೂತ್ರ ಸುಲಭ: ಒಬ್ಬರಿಗಿಂತ ಹೆಚ್ಚು ಲೇಖಕರಿರುವ ಲೇಖನಗಳನ್ನು ಒಟ್ಟು ಲೇಖನಗಳಿಂದ ಭಾಗಿಸಿ. ಹತ್ತು ಲೇಖನಗಳಲ್ಲಿ ನಾಲ್ಕು ಒಬ್ಬರದು, ಮೂರು ಇಬ್ಬರದು, ಎರಡು ಮೂವರದು, ಒಂದು ನಾಲ್ವರದು ಎಂದುಕೊಳ್ಳಿ, 0.6 ಬರುತ್ತದೆ. ಇಬ್ಬರಿದ್ದರೂ ಇಪ್ಪತ್ತು ಜನರಿದ್ದರೂ ಇದಕ್ಕೆ ಒಂದೇ. ಅದಕ್ಕೆ ಅಜಿಫೆರುಕೆ ಮತ್ತು ಸಂಗಡಿಗರ 1988ರ ಗುಣಾಂಕವನ್ನೂ ಹಾಕುತ್ತೇನೆ. ಪ್ರತಿ ಲೇಖನಕ್ಕೂ ಒಂದನ್ನು ಲೇಖಕರ ಸಂಖ್ಯೆಯಿಂದ ಭಾಗಿಸಿ ಕೂಡಿದರೆ 4 + 1.5 + 0.667 + 0.25, ಅಂದರೆ 6.417, ಅದನ್ನು ಹತ್ತರಿಂದ ಭಾಗಿಸಿ ಒಂದರಿಂದ ಕಳೆದರೆ 0.358.

ಸಹಲೇಖಕರ ನಂಟಿನ ನಕ್ಷೆಗೆ ಲೈಡನ್ ವಿಶ್ವವಿದ್ಯಾಲಯದ ವಿಒಎಸ್‌ವ್ಯೂವರ್ ತಂತ್ರಾಂಶ ಸಾಕು. ಹೆಸರಿನ ರೂಪಾಂತರಗಳನ್ನು ಒಂದುಗೂಡಿಸಲು ಥಿಸಾರಸ್ ಕಡತ ಬೇಕು: ‘ಲೇಬಲ್’, ‘ರಿಪ್ಲೇಸ್ ಬೈ’ ಎಂಬ ಎರಡು ಕಾಲಂ, ನಡುವೆ ಟ್ಯಾಬ್. ಒಬ್ಬರದೇ ಲೇಖನಗಳಿಂದ ನಕ್ಷೆ ಬಿಡಿಸಿದರೆ ಅವರೇ ನಡುವೆ ಕೂತು ಉಳಿದವರೆಲ್ಲ ಅವರಿಗೆ ಅಂಟಿಕೊಂಡಿರುತ್ತಾರೆ, ಅದರಲ್ಲಿ ತಿಳಿಯುವುದೇನೂ ಇಲ್ಲ. ಕೊನೆಯ ಆಯ್ಕೆ ಪಟ್ಟಿಯಲ್ಲಿ ಅವರ ಹೆಸರಿನ ಟಿಕ್ ತೆಗೆದು ಮತ್ತೆ ಬಿಡಿಸಿ. ಸಹಲೇಖಕರಲ್ಲಿ ಯಾರು ಯಾರ ಜೊತೆ ಕೂಡಿದ್ದರು ಎಂಬುದು ಆಗ ಕಾಣುತ್ತದೆ.

ದೇಶವಾರು ಸಹಯೋಗಕ್ಕೆ ಮಾತ್ರ ತಂತ್ರಾಂಶವನ್ನು ನಂಬಬೇಡಿ. 2008ಕ್ಕಿಂತ ಹಿಂದಿನ ದಾಖಲೆಗಳಲ್ಲಿ ವೆಬ್ ಆಫ್ ಸೈನ್ಸ್ ಯಾವ ವಿಳಾಸ ಯಾವ ಲೇಖಕರದೆಂದು ಜೋಡಿಸಿಲ್ಲ. ಭಾರತದಲ್ಲಿ ದಶಕಗಳ ಕಾಲ ದುಡಿದು ಆಮೇಲೆ ಅಮೆರಿಕಕ್ಕೆ ಹೋದ ರಾವ್ ಅವರಂಥವರಿಗೆ, ಪ್ರತಿ ಲೇಖನದ ಮೊದಲ ಪುಟ ತೆರೆದು ವಿಳಾಸವನ್ನು ಕೈಯಾರೆ ತುಂಬುವುದೇ ದಾರಿ.