ರೈಲಿನಲ್ಲಿ ಮಗುವಿನ ಡೈಪರ್ ಬದಲಿಸುವಾಗ

ಎಂಟು ತಿಂಗಳ ಮಗಳನ್ನು ಎತ್ತಿಕೊಂಡು ಬೆಂಗಳೂರಿನಿಂದ ಧಾರವಾಡದ ತವರಿಗೆ ಆಗಾಗ ಹೋಗುತ್ತೇನೆ. ಅರಸೀಕೆರೆ ಬರುವಷ್ಟರಲ್ಲಿ ಒಂದು ಡೈಪರ್ ಖಂಡಿತ.

ಎದುರಿನವರು ಬುತ್ತಿ ಬಿಚ್ಚಿದ್ದರೆ, ಬರೀ ಉಚ್ಚೆಯಾಗಿದ್ದರೆ, ಅವರ ಊಟ ಮುಗಿಯಲಿ. ಕಕ್ಕ ಮಾಡಿದ್ದರೆ ಮಾತ್ರ ಕಾಯಬೇಡಿ, ಮಗುವಿನ ಚರ್ಮ ಉರಿಯುತ್ತದೆ. "ಮಗೂದು ಸ್ವಲ್ಪ ಬದಲಿಸ್ಬೇಕು, ಬೇಜಾರಾಗ್ಬೇಡಿ" ಎಂದು ಒಂದು ಮಾತು ಹೇಳಿದರೆ ಸಾಕು. ಒಮ್ಮೆ ಪಕ್ಕದ ಅಜ್ಜಿಯೊಬ್ಬರು ತಮ್ಮ ಶಾಲನ್ನೇ ಮರೆಯಾಗಿ ಹಿಡಿದು ನಿಂತರು. ಮಗುವಿಗೂ ಮರೆ ಬೇಕು, ಅದನ್ನು ಮರೆಯಬೇಡಿ.

ಒದ್ದೆ ವೈಪ್ಸ್, ಹೊಸ ಡೈಪರ್, ಹಳೇ ಪೇಪರ್, ಚೀಲ ಎಲ್ಲವನ್ನೂ ಮೊದಲೇ ಕೈಗೆಟಕುವಂತೆ ಇಟ್ಟುಕೊಳ್ಳಿ. ಕೆಳಗಿನ ಬರ್ತ್ ಮೇಲೆ ರಬ್ಬರ್ ಶೀಟ್, ಅದರ ಮೇಲೆ ಹಳೇ ಪಂಚೆಯ ತುಂಡು. ರೈಲು ಗಕ್ಕನೆ ನಿಂತೀತು. ಒಂದು ಕೈ ಸದಾ ಮಗುವಿನ ಹೊಟ್ಟೆಯ ಮೇಲಿರಲಿ. ಹೆಣ್ಣುಮಗುವಾದರೆ ಮುಂದಿನಿಂದ ಹಿಂದಕ್ಕೆ ಒರೆಸಿ.

ನನಗೆ ನಿಜವಾಗಿ ಸಂಕಟವಾಗುವುದು ಆಮೇಲಿನದನ್ನು ನೋಡಿದಾಗ. ಡೈಪರನ್ನು ಕಮೋಡಿಗೆ ಹಾಕಿದರೆ ರೈಲಿನ ಬಯೋ ಟಾಯ್ಲೆಟ್ (ಮಲವನ್ನು ಬ್ಯಾಕ್ಟೀರಿಯಾಗಳೇ ಕರಗಿಸುವ ಶೌಚಾಲಯ) ಕಟ್ಟಿಕೊಳ್ಳುತ್ತದೆ, ಅದನ್ನು ಬಿಡಿಸಬೇಕಾದವರು ಇನ್ನೊಬ್ಬರ ಮಕ್ಕಳು. ಕಿಟಕಿಯಿಂದ ಎಸೆಯುವುದಂತೂ ಬೇಡವೇ ಬೇಡ. ಸುತ್ತಿ ಕಟ್ಟಿಯೇ ಕೊಡಬೇಕೆಂದು ಘನತ್ಯಾಜ್ಯ ನಿಯಮಗಳೂ ಹೇಳುತ್ತವೆ. ಬಿಗಿಯಾಗಿ ಸುರುಳಿ ಸುತ್ತಿ, ಅದರದೇ ಅಂಟುಪಟ್ಟಿ ಹಚ್ಚಿ, ಪೇಪರಿನಲ್ಲಿ ಸುತ್ತಿ, ಒಳಗೇನಿದೆಯೆಂದು ಕಸ ಎತ್ತುವವರಿಗೆ ತಿಳಿಯುವಂತೆ ಕೆಂಪು ಗುರುತು ಹಾಕಿ. ಆಮೇಲೆ ಬೋಗಿಯ ಕಸದ ಡಬ್ಬಿಗೆ ಹಾಕಿ. ಅದು ತುಂಬಿದ್ದರೆ ನಾನು ಚೀಲದಲ್ಲಿಟ್ಟು ಧಾರವಾಡದವರೆಗೂ ಒಯ್ಯುತ್ತೇನೆ.

ಬರ್ತ್ ಒರೆಸಿ, ಸೋಪು ಹಾಕಿ ಕೈ ತೊಳೆದು ಬನ್ನಿ. ಅಷ್ಟು ಹೊತ್ತು ಮಗುವನ್ನು ಅಂಥ ಅಜ್ಜಿಯೊಬ್ಬರು ಎತ್ತಿಕೊಂಡಿರುತ್ತಾರೆ.