ಚಳಿಗಾಲದ ಸೆಮಿಸ್ಟರಿನಲ್ಲಿ ಹಾಜರಿ, ಐಎ (ಆಂತರಿಕ ಮೌಲ್ಯಮಾಪನ) ಲೆಕ್ಕ ಕೈಮೀರದಂತೆ ನೋಡಿಕೊಳ್ಳುವುದು

ಪದವಿ ಕಾಲೇಜಿನ ಬೆಸ ಸೆಮಿಸ್ಟರಿನಲ್ಲಿ ಪಾಠಕ್ಕಿಂತ ಹೆಚ್ಚು ಅಧ್ಯಾಪಕರ ತಲೆ ತಿನ್ನುವುದು ಹಾಜರಿ. ಹಾಜರಿ ಸಾಲದವರ ಶಾರ್ಟೇಜ್ ಪಟ್ಟಿ ನೋಟಿಸ್ ಬೋರ್ಡಿಗೆ ಬಿದ್ದ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಸಾಲು ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಮಾಡಲು ಏನೂ ಉಳಿದಿರುವುದಿಲ್ಲ.

ಶೇಕಡಾವಾರು ಬಿಡಿ, ಗೈರು ಎಣಿಸಿ. ವಾರಕ್ಕೆ 4 ತರಗತಿ, 14 ವಾರ ಎಂದರೆ 56. ಕನಿಷ್ಠ ಬೇಕಾದ ಹಾಜರಿ ಅದರ ಶೇ. 75, ಎಂದರೆ 42. ಅಂದರೆ ಒಬ್ಬ ವಿದ್ಯಾರ್ಥಿ ತಪ್ಪಿಸಬಹುದಾದದ್ದು 14 ತರಗತಿ ಮಾತ್ರ. 40 ತರಗತಿ ಮುಗಿದಾಗ 26ಕ್ಕೆ ಬಂದವನ ಹಾಜರಿ ಶೇ. 65. ನೋಡಲು ಸುಧಾರಿಸಬಹುದು ಅನ್ನಿಸುತ್ತದೆ. ಆದರೆ ಅವನ 14 ಗೈರು ಆಗಲೇ ಮುಗಿದಿವೆ. ಉಳಿದ 16ರಲ್ಲಿ ಒಂದನ್ನೂ ಬಿಡುವಂತಿಲ್ಲ. 7ನೇ ಗೈರಿಗೆ ಬಾಯಿಮಾತಿನ ಎಚ್ಚರಿಕೆ, 10ನೇ ಗೈರಿಗೆ ಮನೆಗೆ ಫೋನು ಎಂದಿಟ್ಟುಕೊಂಡರೆ ಸಾಕು. ಫೋನು ಮಾಡಿದ ತಾರೀಖನ್ನು ವರ್ಕ್ ಡೈರಿಯಲ್ಲಿ ಬರೆದಿಡಿ.

ಎಡವುವುದು ಇಲ್ಲಿ: ಲೆಕ್ಕ ನಡೆಯುವುದು ವೇಳಾಪಟ್ಟಿಯ ತರಗತಿಗಳ ಮೇಲಲ್ಲ, ನಿಜವಾಗಿ ನಡೆದ ತರಗತಿಗಳ ಮೇಲೆ. ರಾಜ್ಯೋತ್ಸವ, ಕನಕ ಜಯಂತಿ, ಕ್ರಿಸ್‌ಮಸ್, ನಡುವೆ ಕ್ರೀಡಾಕೂಟ ಎಂದು 4 ತರಗತಿ ಹೋದರೆ ಒಟ್ಟು 52ಕ್ಕೆ ಇಳಿಯುತ್ತದೆ, ಗೈರಿನ ಮಿತಿಯೂ 13ಕ್ಕೆ. ಮೇಲಿನ ಹುಡುಗ ಉಳಿದೆಲ್ಲಕ್ಕೂ ಬಂದರೂ 38/52, ಅಂದರೆ ಶೇ. 73.08. ತಪ್ಪು ಅವನದಲ್ಲ, ರಜೆಯದು. ಆದ್ದರಿಂದ ತಪ್ಪಿದ ತರಗತಿಯನ್ನು ಆ ವಾರದ ಶನಿವಾರವೋ ಖಾಲಿ ಪಿರಿಯಡ್ಡಿನಲ್ಲೋ ತೆಗೆದುಕೊಳ್ಳಿ. ಸೆಮಿಸ್ಟರಿನ ಕೊನೆಗೆ ಒಟ್ಟಿಗೆ ತೆಗೆದುಕೊಂಡರಾಯಿತು ಎಂದುಕೊಂಡರೆ ಎಲ್ಲ ವಿಷಯದವರಿಗೂ ಬೇಕಾಗುವುದು ಅದೇ ವಾರ, ಅದೇ ಕೊಠಡಿ.

ಹಾಜರಿಗೆ 1, 2, 3 ಎಂದು ಏರುಸಂಖ್ಯೆ, ಗೈರಿಗೆ 'ಎ' ಹಾಕಿ. ಕೊನೆಯ ಅಂಕಿಯೇ ಒಟ್ಟು ಹಾಜರಿ. ತಿಂಗಳ ಕೊನೆಗೆ ಕೂಡುವ ಕೆಲಸವಿಲ್ಲ. ಒಂದು ದಿನ ತಪ್ಪು ಅಂಕಿ ಬಿದ್ದರೆ ಮುಂದಿನದೆಲ್ಲ ತಪ್ಪುವುದರಿಂದ ವಾರಕ್ಕೊಮ್ಮೆ 'ಎ'ಗಳನ್ನು ಎಣಿಸಿ ತಾಳೆ ನೋಡಿ. ಡಿಸೆಂಬರಿನ ಮಂಜಿಗೆ ಹಳ್ಳಿ ಬಸ್ಸು ತಡವಾಗುತ್ತದೆ, ಹಾಗಾಗಿ ಮೊದಲ ಪಿರಿಯಡ್ಡಿನ ಹಾಜರಿಯನ್ನು ಕೊನೆಯ ಐದು ನಿಮಿಷದಲ್ಲಿ ಕರೆಯುವುದೇ ನ್ಯಾಯ. ಎನ್‌ಎಸ್‌ಎಸ್ ವಿಶೇಷ ಶಿಬಿರದ 7 ದಿನಕ್ಕೆ ಹಾಜರಿ ಕೊಡಲು ಅಧಿಕಾರಿಯ ಸಹಿಯುಳ್ಳ ಹೆಸರುಪಟ್ಟಿಯನ್ನು ಶಿಬಿರ ಮುಗಿದ ವಾರವೇ ಪಡೆಯಿರಿ. ಜನವರಿಯಲ್ಲಿ ಬರುವ ಪಟ್ಟಿಯಲ್ಲಿ ಶಿಬಿರಕ್ಕೆ ಹೋಗದವರ ಹೆಸರೂ ಸೇರಿರುವುದುಂಟು!

ಇನ್ನು ಐಎ. ಟೆಸ್ಟು, ಅಸೈನ್‌ಮೆಂಟಿನ ಹಂಚಿಕೆ ವಿಶ್ವವಿದ್ಯಾಲಯಕ್ಕೆ ತಕ್ಕಂತೆ ಬೇರೆ; ಈ ವರ್ಷದ ಸುತ್ತೋಲೆಯನ್ನೇ ನೋಡಿ. 20 ಅಂಕದ ಎರಡು ಟೆಸ್ಟನ್ನು ತಲಾ 5ಕ್ಕೆ ಇಳಿಸುವುದಿದ್ದರೆ ಪೂರ್ಣಾಂಕ ಮಾಡುವುದು ಒಂದೇ ಸಲ, ಕೊನೆಯಲ್ಲಿ. 9 ಮತ್ತು 13 ಪಡೆದವಳಿಗೆ 2.25 + 3.25 = 5.5, ಅಂದರೆ 6. ಬಿಡಿಬಿಡಿಯಾಗಿ ಮಾಡಿದರೆ 2 + 3 = 5, ಒಂದು ಅಂಕ ಸುಮ್ಮನೆ ಹೋಯಿತು.

ಒಂದು ಉತ್ತರ ಪತ್ರಿಕೆ ತಿದ್ದಲು 4 ನಿಮಿಷವೆಂದರೆ 60ಕ್ಕೆ 4 ಗಂಟೆ. ಒಂದು ಪತ್ರಿಕೆ ಪೂರ್ತಿ ತಿದ್ದಿ ಇನ್ನೊಂದಕ್ಕೆ ಹೋಗುವ ಬದಲು, ಎಲ್ಲರ ಒಂದನೇ ಪ್ರಶ್ನೆ ಮುಗಿಸಿ ಎರಡನೆಯದಕ್ಕೆ ಹೋಗಿ. ಹೀಗೆ ಮಾಡಿದರೆ ಕೈ ಒಂದೇ ಹದದಲ್ಲಿರುತ್ತದೆ.

ಯುಯುಸಿಎಂಎಸ್‌ನಲ್ಲಿ (ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಆನ್‌ಲೈನ್ ವ್ಯವಸ್ಥೆ) ಅಂಕ ಏರಿಸುವಾಗ ಒಬ್ಬರು ರಿಜಿಸ್ಟರ್ ನಂಬರಿನ ಕೊನೆಯ ಮೂರಂಕಿ ಓದಲಿ, ಇನ್ನೊಬ್ಬರು ಟೈಪ್ ಮಾಡಲಿ. ಟೆಸ್ಟಿಗೇ ಬಾರದವನಿಗೆ ಸೊನ್ನೆ ಹಾಕಬೇಡಿ. ಗೈರು ಬೇರೆ, ಸೊನ್ನೆ ಬೇರೆ. ಸಲ್ಲಿಸುವ ಮುನ್ನ ಪ್ರಿಂಟ್ ತೆಗೆದು ವಿದ್ಯಾರ್ಥಿಗಳ ಸಹಿ ಹಾಕಿಸಿಕೊಳ್ಳಿ. ಲಾಕ್ ಆದ ಮೇಲೆ ಒಂದು ಅಂಕಿ ತಿದ್ದಲೂ ಪ್ರಾಂಶುಪಾಲರ ಪತ್ರ ಹಿಡಿದು ಓಡಾಡಬೇಕು.